ಬೇಲಿಯಾಚೆ ಇರುವವರನ್ನೂ ಸೇರಿಸಿಕೊಳ್ಳೋಣ

ಜೂನ್ ಬಂತು ಅಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಸಿ ಫೋಟೋಗಳ ಸುರಿಮಳೆ. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ ಕಡೆ ಒಂದೆಕರೆ, ಎರಡೆಕರೆ ತಗೊಂಡು ಅದನ್ನು ಮತ್ತೆ ಕಾಡಾಗಲು ಬಿಟ್ಟವರ ಗುಂಪು ಅದು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾದ ಮೇಲೆ ಸೇರಿದವರೇ ಜಾಸ್ತಿ. ನಾನೂ ಅವರಲ್ಲೊಬ್ಬ. ಫೋಟೋ ಬಂದರೆ ಹೃದಯ ಒತ್ತುತ್ತೇವೆ, ‘ಸೂಪರ್ ಸಾರ್’ ಅನ್ನುತ್ತೇವೆ. ತಪ್ಪೇನಿಲ್ಲ. ಆದರೆ ಇದನ್ನೇ ಒಬ್ಬರಿಗೊಬ್ಬರು ಬೆನ್ನಿಗೆ ನಿಲ್ಲುವುದು ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ನಮಗೆ ನಿಜವಾಗಿ ಬೇಕಾದ ಆಸರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಗುಂಪಿನಲ್ಲಿ ಇಲ್ಲದವರ ಕೈಯಲ್ಲಿದೆ.

ಮೊದಲು ಗುಂಪಿನಿಂದ ಸಿಗುವ ಒಳ್ಳೆಯದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ಇಂಥ ಜಮೀನುಗಳಲ್ಲಿ ಬಹಳಷ್ಟು ಹಳೆಯ ನೀಲಗಿರಿ ತೋಪುಗಳು. ಕಡಿದರೂ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಹೊಸಬರಿಗೆ ಸಿಟ್ಟು ಬರುತ್ತದೆ. ಜೆಸಿಬಿ ಕರೆಸಿ ಇಡೀ ನೆಲ ಬಗೆಸಿ, ಸಾಲಾಗಿ ಗುಂಡಿ ತೆಗೆಸಲು ಹೊರಡುತ್ತಾರೆ. ಆಗ ಗುಂಪಿನ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಫೋನ್ ಮಾಡುತ್ತಾರೆ. ‘ಬೊಡ್ಡೆ ಇರೋ ಕಡೆ ಮಾತ್ರ ಅಗೆಸಿ. ಮಿಕ್ಕಿದ್ದನ್ನ ಒಂದು ಮಳೆಗಾಲ ಮುಟ್ಟಬೇಡಿ. ಏನು ಬರುತ್ತೆ ನೋಡೋಣ.’ ನೋಡಿದರೆ ತಂಗಡಿ, ಬಂದರಿಕೆ, ಕಾರೆ, ಕಗ್ಗಲಿ ತಾವಾಗಿಯೇ ಏಳುತ್ತವೆ. ಹಳೆಯ ಬೇರುಗಳು ನೆಲದೊಳಗೆ ಜೀವ ಹಿಡಿದುಕೊಂಡೇ ಇರುತ್ತವೆ. ಪೂರ್ತಿ ಬಗೆಸಿದ್ದರೆ ಅವೂ ಹೋಗುತ್ತಿದ್ದವು. ಸುಮ್ನಿರಿ ಅಂತ ಹೇಳುವ ಒಬ್ಬ ಮನುಷ್ಯ ಸಿಕ್ಕರೆ ಅದು ಸಾವಿರ ಸಸಿ ಸಿಕ್ಕಿದ್ದಕ್ಕಿಂತ ದೊಡ್ಡ ಸಹಾಯ.

ಇನ್ನೊಂದು ಚಪಲ ದಟ್ಟ ಕಾಡಿನದು. ಜಪಾನಿನಿಂದ ಬಂದ ಮಿಯಾವಾಕಿ ಪದ್ಧತಿಯಲ್ಲಿ ಒಂದು ಚದರ ಮೀಟರಿಗೆ ಮೂರು ನಾಲ್ಕು ಸಸಿ ನೆಡುತ್ತಾರೆ. ಅಂದರೆ ಒಂದು ಗುಂಟೆಗೇ ಮುನ್ನೂರು, ನಾನೂರು. ಊರೊಳಗಿನ ಪಾರ್ಕಿಗೆ, ಫ್ಯಾಕ್ಟರಿ ಅಂಗಳಕ್ಕೆ ಅದು ಸರಿಯಿರಬಹುದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕಡೆ ಅಷ್ಟಕ್ಕೆ ನೀರು ಎಲ್ಲಿಂದ ತರೋದು? ಟ್ಯಾಂಕರಿನಿಂದಲೇ ಅಲ್ವಾ? ನಮ್ಮದು ಕುರುಚಲು, ಹುಲ್ಲು, ಬಂಡೆಗಳ ಸೀಮೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದು ಕೃಷ್ಣಮೃಗಗಳಿಗಾಗಿ. ಅವಕ್ಕೆ ಬೇಕಾದ್ದು ಬಯಲು ಹುಲ್ಲು. ಶಿರಾ ಕಡೆಯ ಬುಕ್ಕಾಪಟ್ಟಣ 2019ರಲ್ಲಿ ವನ್ಯಧಾಮ ಆಗಿದ್ದು ಚಿಂಕಾರ ಅನ್ನುವ ಪುಟ್ಟ ಹುಲ್ಲೆಗಾಗಿ. ಅದೂ ಕುರುಚಲಿನ ಪ್ರಾಣಿ. ‘ಮಲೆನಾಡಿನ ಥರ ಮಾಡ್ತೀನಿ’ ಅಂತ ಬರುವವರಿಗೆ ಇದನ್ನು ಯಾರಾದರೂ ಪ್ರೀತಿಯಿಂದ ಹೇಳಬೇಕು. ನಮ್ಮ ಗುಂಪಿನಲ್ಲಿ ಹೇಳುತ್ತಾರೆ. ಕೆಲವರು ಮುನಿಸಿಕೊಂಡು ಹೋಗುತ್ತಾರೆ, ಹೋಗಲಿ.

ಬೀಜದ ವಿಷಯದಲ್ಲೂ ಹತ್ತಿರದವರೇ ಬೇಕು. ಕಕ್ಕೆ ಬೀಜವನ್ನು ಡಬ್ಬಿಯಲ್ಲಿ ಇಟ್ಟುಕೊಂಡು ಮುಂದಿನ ವರ್ಷ ಬಿಸಿನೀರಲ್ಲಿ ನೆನೆಸಿ ಹಾಕಬಹುದು. ಬೇವಿನ ಬೀಜ ಹಾಗಲ್ಲ. ಹಣ್ಣಾಗಿ ಉದುರಿದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ದೂರದಿಂದ ಯಾರೋ ಕೊರಿಯರ್ ಮಾಡಿದ್ದಕ್ಕಿಂತ ಪಕ್ಕದೂರಿನವರು ಸಂತೆಗೆ ಬಂದಾಗ ಚೀಲದಲ್ಲಿ ಹಿಡಿದು ತಂದದ್ದೇ ಒಳ್ಳೆಯದು.

ಇಷ್ಟೆಲ್ಲ ನಮ್ಮ ನಮ್ಮಲ್ಲೇ ಆಗುತ್ತದೆ. ಆಗದೇ ಇರುವುದು ಬೆಂಕಿಯ ಕೆಲಸ.

ಫೆಬ್ರವರಿ, ಮಾರ್ಚ್ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಬೀಡಿ ಸಾಕು. ಹೊಸ ಹುಲ್ಲು ಚಿಗುರಲಿ ಅಂತ ಬೇಕಂತಲೇ ಹಚ್ಚುವವರೂ ಇದ್ದಾರೆ. ಬೆಂಗಳೂರಿನಲ್ಲಿರುವ ನನಗೆ ಫೋನ್ ಬಂದರೆ ನಾನು ತಲುಪಲು ಎರಡು ಗಂಟೆಗೂ ಜಾಸ್ತಿ ಬೇಕು, ಅದೂ ನೆಲಮಂಗಲದ ಟ್ರಾಫಿಕ್ ಕರುಣೆ ತೋರಿಸಿದರೆ. ಅಷ್ಟರಲ್ಲಿ ಎರಡೆಕರೆ ಬೂದಿ. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದು ಆರಿಸಬೇಕಾದವರು ಹತ್ತು ನಿಮಿಷದ ದೂರದಲ್ಲಿ ಇರುವವರೇ. ಅವರು ಯಾಕೆ ಬರಬೇಕು? ನಾವು ಅವರಿಗೆ ಏನು?

ಈ ಪ್ರಶ್ನೆಯನ್ನು ಗುಂಪಿನಲ್ಲಿ ಎತ್ತಿದಾಗೆಲ್ಲ ‘ಜಾಗೃತಿ ಮೂಡಿಸಬೇಕು’ ಎಂಬ ಉತ್ತರ ಬರುತ್ತದೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಅವರಿಗೆ ಜಾಗೃತಿ ಕಡಿಮೆ ಇಲ್ಲ. ಯಾವ ಕಲ್ಲಿನ ಸಂದಿಯಲ್ಲಿ ಗೌಜಲಕ್ಕಿ ಮೊಟ್ಟೆ ಇಡುತ್ತದೆ ಅಂತ ನನಗೆ ತೋರಿಸಿದ್ದೇ ಅಲ್ಲಿ ಕುರಿ ಕಾಯುವವರೊಬ್ಬರು. ಅದೇ ಮನುಷ್ಯ ಇನ್ನೊಂದು ಮಾತನ್ನೂ ಹೇಳಿದರು. ‘ನಮ್ಮಪ್ಪನ ಕಾಲದಿಂದ ಈ ದಾರೀಲಿ ಕುರಿ ಹೋಗ್ತಿದ್ವು ಸ್ವಾಮಿ. ಈಗ ಎಲ್ರೂ ತಂತಿ ಹಾಕ್ಕೊಂಡ್ರೆ ನಾವು ಎತ್ಲಾಗೆ ಹೊಡ್ಕೊಂಡು ಹೋಗದು?’ ಪಕ್ಕದ ಹೊಲದ ಗೌಡರು ಇನ್ನೂ ನೇರ. ‘ನಿಮಗೆ ಕಾಡು, ನಮಗೆ ರಾತ್ರಿ ಕಾವಲು.’ ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಬರುತ್ತವೆ. ಹಗಲು ಅವು ಮಲಗುವುದು ನಮ್ಮಂಥವರು ಬಿಟ್ಟ ಲಂಟಾನದ ಪೊದೆಯಲ್ಲಿ.

ಇಬ್ಬರ ಮಾತೂ ನ್ಯಾಯವೇ. ಪಹಣಿ ನಮ್ಮ ಹೆಸರಲ್ಲಿದೆ ಅಂದ ಮಾತ್ರಕ್ಕೆ ಅದರ ಭಾರ ಅವರ ಮೇಲೆ ಹಾಕೋಕೆ ಬರುವುದಿಲ್ಲ.

ನಮ್ಮಲ್ಲಿ ಮೂರು ನಾಲ್ಕು ಜನ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಚೆನ್ನಾಗಿ ನಡೆಯುತ್ತಿದೆ. ಹುಲ್ಲು ಬೀಜ ಉದುರಿಸಿದ ಮೇಲೆ, ಡಿಸೆಂಬರ್ ಕೊನೆಯ ಹೊತ್ತಿಗೆ, ಗಡಿಯುದ್ದಕ್ಕೂ ಅಗಲವಾದ ಪಟ್ಟಿಯಲ್ಲಿ ಹುಲ್ಲು ಕೊಯ್ದುಕೊಳ್ಳಲು ಊರಿನ ದನ, ಕುರಿ ಇರುವವರಿಗೆ ಬಿಡುತ್ತಾರೆ. ದುಡ್ಡಿಲ್ಲ. ಅವರಿಗೆ ಬೇಸಿಗೆ ಮೇವು, ಇವರಿಗೆ ಬೆಂಕಿ ದಾಟದ ಹಾಗೆ ತಡೆಯುವ ಬೆಂಕಿ ಗೆರೆ. ಜೊತೆಗೆ ಹಳೇ ಕುರಿದಾರಿಯಷ್ಟು ಅಗಲ ತಂತಿ ಬಿಚ್ಚಿದ್ದಾರೆ. ಮಿಕ್ಕ ಗಡಿಯನ್ನು ಸವರಲು ಮುಯ್ಯಾಳು. ಈ ಭಾನುವಾರ ಎಲ್ಲರೂ ನಿಮ್ಮ ಜಾಗಕ್ಕೆ, ಮುಂದಿನ ಭಾನುವಾರ ನನ್ನ ಜಾಗಕ್ಕೆ. ಹೋದ ಬೇಸಿಗೆಯಲ್ಲಿ ಅವರಲ್ಲೊಬ್ಬರ ಜಮೀನಿನ ಮೂಲೆಗೆ ಬೆಂಕಿ ಹತ್ತಿದಾಗ ಆರಿಸಿದ್ದು ಹುಲ್ಲು ಕೊಯ್ದುಕೊಂಡು ಹೋದವರೇ. ಮಾಲೀಕರಿಗೆ ವಿಷಯ ಗೊತ್ತಾಗಿದ್ದು ಆಮೇಲೆ.

ಇದೇನು ಹೊಸದಲ್ಲ. ನಮ್ಮ ಕಡೆಯ ಗುಂಡುತೋಪುಗಳು ಉಳಿದಿದ್ದೂ ಹೀಗೇ. ಮಾವು, ಹುಣಸೆ, ನೇರಳೆ, ಹೊಂಗೆ. ನೆರಳಲ್ಲಿ ದನ, ಫಸಲಿನಲ್ಲಿ ಊರಿಗೆ ಪಾಲು. ಊರಿನ ಪಾಲು ತಪ್ಪಿದ ತೋಪುಗಳಲ್ಲಿ ಎಷ್ಟೋ ಈಗ ಒತ್ತುವರಿಯಾಗಿವೆ.

ಹಂದಿಯ ವಿಷಯ ಇಷ್ಟು ಸುಲಭಕ್ಕೆ ಬಗೆಹರಿಯುವುದಲ್ಲ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಆದರೆ ಅರ್ಜಿ, ಪಹಣಿ, ಫೋಟೋ, ಓಡಾಟ ಅಂತ ರೈತರು ಕೂಲಿ ಕಳೆದುಕೊಂಡು ಅಲೆಯಬೇಕು. ನಮ್ಮಲ್ಲಿ ಲ್ಯಾಪ್‌ಟಾಪ್ ಇರುವವರಿಗೇನೂ ಬರ ಇಲ್ಲ. ಆ ಕಾಗದದ ಕೆಲಸ ನಾವು ಮಾಡಿಕೊಡಬಹುದು. ಹೊಲಕ್ಕೆ ತಾಗಿದ ಕಡೆ ಲಂಟಾನ ತೆಗೆಸಬಹುದು. ಅದಕ್ಕೂ ಮೇಲೆ, ನಾವೆಲ್ಲ ಎಕರೆಗೆ ಇಷ್ಟು ಅಂತ ಹಾಕಿ ಒಂದು ನಿಧಿ ಮಾಡಿ, ಪಕ್ಕದ ಹೊಲದವರಿಗೆ ನಷ್ಟವಾದಾಗ ಅದರಿಂದ ಕೊಡಬೇಕು ಅಂತ ನನ್ನ ವಾದ. ‘ಹಂದಿ ಬೆಟ್ಟದಿಂದ ಬರುತ್ತೆ, ನಾವ್ಯಾಕೆ ಕೊಡಬೇಕು?’ ಅಂತ ಕೆಲವರು. ಬೆಟ್ಟದಿಂದಲೂ ಬರುತ್ತವೆ, ನಿಜ. ಹಾಗಂತ ಪಕ್ಷಿ ಬಂದಾಗ ‘ನಮ್ಮ ಕಾಡಿಗೆ ಬಂತು’ ಅಂತ ಫೋಟೋ ಹಾಕಿ, ಹಂದಿ ಬಂದಾಗ ಬೆಟ್ಟದ ಕಡೆ ಕೈ ತೋರಿಸೋದು ಯಾವ ಲೆಕ್ಕ?

ಎಕರೆಗೆ ವರ್ಷಕ್ಕೆ ಸಾವಿರ ರೂಪಾಯಿ ಅಂತ ನಾನು ಹೇಳಿದ್ದೇನೆ. ಇನ್ನೂ ಒಪ್ಪಿಗೆ ಆಗಿಲ್ಲ. ಮುಂದಿನ ಮಾತುಕತೆ ಬೆಂಗಳೂರಿನಲ್ಲಿ ಬೇಡ, ಊರಿನ ಹಾಲಿನ ಡೈರಿ ಹತ್ತಿರ ಇಟ್ಟುಕೊಳ್ಳೋಣ, ಗೌಡರೂ ಕುರಿ ಕಾಯುವವರೂ ಕೂತಿರಲಿ ಅಂತ ಕೇಳಿದ್ದೇನೆ. ಆ ಕಡೆ ಜಮೀನು ಇರುವವರು, ಗುಂಪಿನಲ್ಲಿ ಇಲ್ಲದಿದ್ದರೂ ಬನ್ನಿ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಬಂದರೆ ಎಲ್ಲರೂ ಸಿಗುತ್ತಾರೆ.