ಚೋಬಿಟ್ಸ್ ನಿಜ ಕಥೆಯಲ್ಲ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ

ಎರಡು ದಿನದಿಂದ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಟೋಕಿಯೋದಲ್ಲಿ ಒಬ್ಬ ಹುಡುಗನಿಗೆ ಕಸದ ರಾಶಿಯಲ್ಲಿ ರೋಬೋಟ್ ಹುಡುಗಿ ಸಿಕ್ಕಿದಳು, ಅದೇ ನಿಜ ಘಟನೆ ಮೇಲೆ ಚೋಬಿಟ್ಸ್ ಅನ್ನೋ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ಮಾಡಿದರು, ಅಂಥ ರೋಬೋಟ್‌ಗಳು ಜಪಾನಿನ ಅಂಗಡಿಗಳಲ್ಲಿ ಆಗಲೇ ಸಿಗುತ್ತಿದ್ದವು ಅಂತ. ಇದು ತಪ್ಪು.

ಚೋಬಿಟ್ಸ್ ಪೂರ್ತಿ ಕಲ್ಪನೆಯ ಕಥೆ. ಕ್ಲ್ಯಾಂಪ್ ತಂಡದವರು 2000ರಿಂದ 2002ರವರೆಗೆ ಯಂಗ್ ಮ್ಯಾಗಜೀನ್ ಪತ್ರಿಕೆಯಲ್ಲಿ ಬರೆದ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್ ಅದು. 2002ರಲ್ಲಿ ಮ್ಯಾಡ್‌ಹೌಸ್ ಸ್ಟುಡಿಯೋ ಅದನ್ನು ಅನಿಮೆ ಮಾಡಿತು. ಕಸದಲ್ಲಿ ಸಿಗುವ ಚೀ, ಅವಳನ್ನು ಮನೆಗೆ ಹೊತ್ತು ತರುವ ಹಿದೆಕಿ, ಇಬ್ಬರೂ ಪಾತ್ರಗಳಷ್ಟೇ. ಕಥೆಯಲ್ಲಿ ಇಂಥ ರೋಬೋಟ್‌ಗಳಿಗೆ ಪರ್ಸೊಕಾಮ್ ಅಂತ ಹೆಸರು. ಪರ್ಸನಲ್ ಕಂಪ್ಯೂಟರ್ ಅನ್ನೋದನ್ನೇ ಮೊಟಕು ಮಾಡಿ ಕಟ್ಟಿದ ಪದ ಅದು.

ಆಗ ಜಪಾನಿನಲ್ಲಿ ನಿಜವಾಗಿ ಇದ್ದದ್ದು ಏನು ಗೊತ್ತಾ? 1999ರಲ್ಲಿ ಸೋನಿ ಮಾರಿದ ಐಬೋ ಅನ್ನೋ ನಾಯಿ ರೋಬೋಟ್, ಬೆಲೆ 2,50,000 ಯೆನ್. 2000ರಲ್ಲಿ ಹೋಂಡಾ ತೋರಿಸಿದ ಅಸಿಮೋ ಎರಡು ಕಾಲಲ್ಲಿ ನಡೆಯುತ್ತಿತ್ತು ನಿಜ, ಆದರೆ ಅದರ ಎತ್ತರ 120 ಸೆಂಟಿಮೀಟರ್, ನೋಡೋಕೆ ಹೆಲ್ಮೆಟ್ ಹಾಕಿದ ಗಗನಯಾತ್ರಿ ಥರ. ಮನುಷ್ಯರಂತೆ ಮಾತಾಡಿ ಪ್ರೀತಿಸುವ ರೋಬೋಟ್ ಯಾವ ಅಂಗಡಿಯಲ್ಲೂ ಇರಲಿಲ್ಲ.

ನನ್ನದೂ ಒಂದು ತಪ್ಪಿದೆ. ಕ್ಲ್ಯಾಂಪ್ ಅಂದರೆ ಒಬ್ಬ ಲೇಖಕನ ಹೆಸರು ಅಂತ ಮೊನ್ನೆ ಬರೆದಿದ್ದೆ. ಅಲ್ಲ, ಅದು ನಾಲ್ಕು ಮಹಿಳೆಯರ ತಂಡ. ಕ್ಷಮಿಸಿ, ಆ ಪೋಸ್ಟ್ ತಿದ್ದಿದ್ದೇನೆ.

ಇದು ನನಗೆ ತುಂಬಾ ಇಷ್ಟದ ಕಥೆ, ಕಥೆಯಾಗಿಯೇ ಚೆನ್ನಾಗಿದೆ ಅಲ್ವಾ. ಆ ಮೆಸೇಜ್ ನಿಮಗೆ ಬಂದರೆ ಅಲ್ಲೇ ನಿಲ್ಲಿಸಿ, ಕಳಿಸಿದವರಿಗೂ ಮೆಲ್ಲಗೆ ಹೇಳಿ.