ಪಿಂಗ್ ಶಾನ್‌ನ ಕುಲಮಂದಿರ, ಕೊಡಗಿನ ಐನ್‌ಮನೆ

ಊರಿನಿಂದ ಹಾಂಗ್‌ಕಾಂಗಿಗೆ ಬಂದವರು ಎತ್ತರದ ಕಟ್ಟಡಗಳನ್ನೂ ಲಾಂಟಾವ್ ದ್ವೀಪದ ದೊಡ್ಡ ಬುದ್ಧನನ್ನೂ ನೋಡಿ ವಾಪಸ್ ವಿಮಾನ ಹತ್ತುತ್ತಾರೆ. ಒಂದು ಬೆಳಗ್ಗೆ ಬಿಡುವಿದ್ದರೂ ಸಾಕು, ಇಲ್ಲಿಯ ಹಳೆಯ ಹಳ್ಳಿಗಳ ಸೀಮೆ ಪಿಂಗ್ ಶಾನ್ ನೋಡಿಯೇ ಹೋಗಿ ಎನ್ನುವುದು ನನ್ನ ಒತ್ತಾಯ. ಒಂದೇ ಕುಲದವರು ನೂರಾರು ವರ್ಷ ಒಟ್ಟಿಗೆ ಬಾಳಿದರೆ ಊರು ಹೇಗಿರುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ತಾಂಗ್ ಕುಲದವರು ಅಲ್ಲಿ ನೆಲೆಸಿದ್ದು 12ನೇ ಶತಮಾನದಲ್ಲಿ.

ಟಿನ್ ಶುಯಿ ವಾಯ್ ರೈಲು ನಿಲ್ದಾಣದ ‘ಇ’ ದ್ವಾರದಿಂದ ಹೊರಬಂದರೆ ತ್ಸುಯಿ ಸಿಂಗ್ ಲಾವ್ ಗೋಪುರ ಹತ್ತಿರದಲ್ಲೇ ಇದೆ. ಆರು ಮೂಲೆ, ಮೂರು ಅಂತಸ್ತು, ಸುಮಾರು 13 ಮೀಟರ್ ಎತ್ತರ. ಮೇಲಿನ ಅಂತಸ್ತು ಪರೀಕ್ಷೆ ಪಾಸು ಮಾಡಿಸುವ ದೇವರಿಗೆ ಮೀಸಲು. ಅಲ್ಲಿಂದ ಶಿಯಂಗ್ ಚಿಯಂಗ್ ವಾಯ್ ಎಂಬ ಗೋಡೆಯೊಳಗಿನ ಹಳ್ಳಿ, ಹಳೆಯ ಬಾವಿ, ಆಮೇಲೆ ಕುಲದವರು ತಮ್ಮ ಹಿರಿಯರನ್ನು ಪೂಜಿಸುವ ಕುಲಮಂದಿರಗಳು. ಒಟ್ಟು ನಡಿಗೆ ಒಂದೂವರೆ ಕಿಲೋಮೀಟರ್ ಆಸುಪಾಸು. ಬೇಗ ನಡೆದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಏನೂ ಕಂಡಿರುವುದಿಲ್ಲ. ಎರಡು ಗಂಟೆ ಇಟ್ಟುಕೊಳ್ಳಿ. ಗೋಡೆಯೊಳಗಿನ ಹಳ್ಳಿಯಲ್ಲಿ ಇಂದಿಗೂ ಸಂಸಾರಗಳಿವೆ, ಹೆಬ್ಬಾಗಿಲಿನಿಂದ ನೋಡಿ ಮುಂದೆ ಹೋಗುವುದೇ ಮರ್ಯಾದೆ. ಗುಡ್ಡದ ಮೇಲಿನ ಹಳೇ ಪೊಲೀಸ್ ಠಾಣೆ ಈಗ ತಾಂಗ್ ಕುಲದ ವಸ್ತುಸಂಗ್ರಹಾಲಯ. ಸೋಮವಾರ ಅದಕ್ಕೆ ರಜೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ತಾಂಗ್ ಕುಲಮಂದಿರದಲ್ಲಿ. ಅದಕ್ಕೆ ಸುಮಾರು 700 ವರ್ಷ. ಒಂದರ ಹಿಂದೊಂದು ಮೂರು ಚಾವಡಿ, ನಡುವೆ ಎರಡು ಅಂಗಳ. ಮುಂದಿನದು ಪ್ರವೇಶಕ್ಕೆ, ನಡುವಿನದು ಕುಲದವರು ಸೇರುವುದಕ್ಕೆ, ಕೊನೆಯದು ಹಿರಿಯರಿಗೆ. ಹಿರಿಯರೆಂದರೆ ವಿಗ್ರಹಗಳಲ್ಲ, ಹೆಸರು ಬರೆದ ಮರದ ಫಲಕಗಳು. ತಲೆಮಾರಿನ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿರುತ್ತಾರೆ. ಮುಂದಿನ ಅಂಗಳದ ನಡುವೆ ಕೆಂಪು ಮರಳುಗಲ್ಲಿನ ಎತ್ತರಿಸಿದ ಹಾದಿ ಇದೆ. ಕುಲದಲ್ಲಿ ಯಾರೋ ರಾಜಾಡಳಿತದ ದೊಡ್ಡ ಹುದ್ದೆಗೇರಿದ್ದರು ಎಂಬುದರ ಗುರುತು ಅದು. ಕಂಬಗಳ ಬುಡವನ್ನೂ ನೋಡಿ. ಮರ ಎಲ್ಲೂ ನೆಲಕ್ಕೆ ತಾಗದಂತೆ ಕಲ್ಲಿನ ಪೀಠ ಕೊಟ್ಟಿರುತ್ತಾರೆ. ಮಳೆಯೂ ಗೆದ್ದಲೂ ಇರುವ ಸೀಮೆಯಲ್ಲಿ ಮರ ಕೆಡುವುದು ಬುಡದಿಂದಲೇ ಅಲ್ಲವೇ, ನಮ್ಮ ಮಲೆನಾಡಿನ ಕಂಬಕ್ಕೂ ಅದೇ ಕಾರಣಕ್ಕೆ ಕೆಳಗೆ ಕಲ್ಲು.

ಬೂದು ಬಣ್ಣದ ಗೋಡೆ ಕಂಡು ಸಿಮೆಂಟೆಂದುಕೊಳ್ಳುವವರಿದ್ದಾರೆ. ಅದು ಇಟ್ಟಿಗೆ. ಸುಟ್ಟಾದ ಮೇಲೆ ಗೂಡಿಗೆ ಗಾಳಿಯಾಡದಂತೆ ಮುಚ್ಚಿ ಮೇಲಿಂದ ನೀರು ಇಳಿಬಿಡುತ್ತಾರೆ. ಆಮ್ಲಜನಕ ಸಿಗದ ಕಾರಣ ಮಣ್ಣಿನೊಳಗಿನ ಕಬ್ಬಿಣ ಕೆಂಪಾಗದೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಇಟ್ಟಿಗೆ, ಹೆಂಚು ಗಾಳಿ ಕುಡಿದು ಬೇಯುತ್ತವೆ, ಅದಕ್ಕೇ ಕೆಂಪು.

ಅಂಗಳ ಕಂಡ ಕೂಡಲೇ ಕನ್ನಡಿಗರ ಬಾಯಲ್ಲಿ ಬರುವ ಮಾತು ‘ತೊಟ್ಟಿಮನೆ ಥರ’. ಆಕಾಶ, ಬೆಳಕು, ಮಳೆನೀರು ಒಳಗಿಳಿಯುವ ಮಟ್ಟಿಗೆ ಹೌದು. ಆದರೆ ತೊಟ್ಟಿಯ ಸುತ್ತ ಜನ ಬದುಕುತ್ತಾರೆ, ಅಡಿಗೆ ಬೇಯುತ್ತದೆ, ಮಕ್ಕಳು ಆಡುತ್ತಾರೆ. ಇಲ್ಲಿ ಯಾರೂ ವಾಸವಿಲ್ಲ. ಹತ್ತಿರದ ಹೋಲಿಕೆ ಬೇಕಿದ್ದರೆ ಕೊಡಗಿನ ಐನ್‌ಮನೆಯನ್ನು ನೆನೆಯಬೇಕು. ಅದು ಇಡೀ ಒಕ್ಕಕ್ಕೆ, ಅಂದರೆ ಒಂದೇ ಮೂಲದ ಕುಟುಂಬಗಳಿಗೆಲ್ಲ, ಸೇರಿದ ಮೂಲಮನೆ. ನೆಲ್ಲಕ್ಕಿ ನಡುಬಾಡೆ ಎನ್ನುವ ನಡುಮನೆಯಲ್ಲಿ ದೀಪ, ಹಿರಿಯರಿಗೆ ಕೈಮಡ ಎಂಬ ಗುಡಿ, ಸುಗ್ಗಿಯ ಹಬ್ಬ ಪುತ್ತರಿಗೆ ಎಲ್ಲರೂ ಸೇರುವುದು.

ವ್ಯತ್ಯಾಸವಿರುವುದು ಖರ್ಚಿನ ದಾರಿಯಲ್ಲಿ, ನನಗೆ ಮುಖ್ಯವಾಗಿ ಕಾಣುವುದೂ ಅದೇ. ಹಾಂಗ್‌ಕಾಂಗಿನ ಈ ಹಳ್ಳಿಗಳಲ್ಲಿ ಪೂರ್ವಜರ ಹೆಸರಿನಲ್ಲೇ ಜಮೀನಿರುತ್ತದೆ. ಅದಕ್ಕೆ ‘ತ್ಸೊ’ ಎನ್ನುತ್ತಾರೆ. ಸರಕಾರದಲ್ಲಿ ನೋಂದಾಯಿಸಿದ ವ್ಯವಸ್ಥಾಪಕ ಅದನ್ನು ನೋಡಿಕೊಳ್ಳುತ್ತಾನೆ. ಯಾರೊಬ್ಬರೂ ತಮ್ಮ ಪಾಲು ಒಡೆದು ಮಾರುವಂತಿಲ್ಲ. ಗೇಣಿ, ಬಾಡಿಗೆಯ ಹಣ ಪಿತೃಪೂಜೆಗೆ, ಮಂದಿರದ ರಿಪೇರಿಗೆ, ಉಳಿದದ್ದು ಕುಟುಂಬಗಳಿಗೆ. ವಸಂತ ಮತ್ತು ಶರತ್ಕಾಲದ ಪೂಜೆಯಲ್ಲಿ ಸುಟ್ಟ ಹಂದಿಯ ಮಾಂಸವನ್ನು ಪಾಲು ಹಾಕುವುದೂ ಇದೇ ಲೆಕ್ಕದಲ್ಲಿ. ತಾಂಗ್ ಮಂದಿರ 2001ರಲ್ಲಿ ಸಂರಕ್ಷಿತ ಸ್ಮಾರಕವಾಯಿತು. ಆದರೂ ಅದು ಕುಲದ್ದೇ, ಹಬ್ಬದ ಪೂನ್ ಚಾಯ್ ಊಟ ಈಗಲೂ ನಡೆಯುತ್ತದೆ. ದೊಡ್ಡ ಬೋಗುಣಿಯ ತಳಕ್ಕೆ ರಸ ಹೀರುವ ಮೂಲಂಗಿ, ಮೇಲೆ ಪದರು ಪದರಾಗಿ ಹಂದಿ, ಕೋಳಿ, ಸೀಗಡಿ. ಒಂದು ಮೇಜಿನವರೆಲ್ಲ ಅದೇ ಬೋಗುಣಿಗೆ ಕೈ ಹಾಕುತ್ತಾರೆ. ಬಾಳೆ ಎಲೆಯ ಪಂಕ್ತಿಯಲ್ಲಿ ಬೆಳೆದವರಿಗೆ ಇದು ಸ್ವಲ್ಪ ಕಷ್ಟವೇ.

ಈ ಪದ್ಧತಿಯಲ್ಲಿ ನಾನು ಒಪ್ಪದ ಭಾಗವೂ ಇದೆ. ‘ತ್ಸೊ’ದ ಪಾಲು ಗಂಡುಮಕ್ಕಳದ್ದು ಮಾತ್ರ. ಹೊಸ ವರ್ಷದ ಸಮಯದಲ್ಲಿ ಮಂದಿರದಲ್ಲಿ ಹೊಸ ಕೂಸಿನ ಹೆಸರಿಗೆ ಕಾಗದದ ದೀಪ ತೂಗುಹಾಕುವ ಸಂಪ್ರದಾಯವೂ ಗಂಡುಕೂಸಿಗೇ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆ ವಿಷಯದಲ್ಲಿ ನಾವೇ ಮುಂದೆ, ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

ನಾವು ಕಲಿಯಬೇಕಾದದ್ದು ಹಿರಿಯರ ಮನೆಗೆ ಅದರದ್ದೇ ಆದಾಯ ಕಟ್ಟಿಕೊಡುವುದನ್ನು. ನಮ್ಮಲ್ಲಿ ಎಷ್ಟೋ ಮೂಲಮನೆಗಳ ಭಾರ ಹೊರುವುದು ಊರಲ್ಲೇ ಉಳಿದ ಒಬ್ಬ ಅಣ್ಣನೋ ಚಿಕ್ಕಪ್ಪನೋ. ದುಬೈ, ಪುಣೆ, ಹಾಂಗ್‌ಕಾಂಗ್‌ನಲ್ಲಿರುವ ನಾವು ಪೂಜೆಗೆಂದು ಬಂದು, ಸೋರುವ ಮಾಡು ನೋಡಿ ಅಯ್ಯೋ ಎಂದು ಹೊರಡುತ್ತೇವೆ. ಗಂಡು ಹೆಣ್ಣೆನ್ನದೆ ಎಲ್ಲರ ಹೆಸರು ಸೇರಿಸಿ ಒಂದು ಟ್ರಸ್ಟ್ ನೋಂದಾಯಿಸಿ, ಒಂದೆರಡು ಎಕರೆ ತೋಟ ಅದರ ಹೆಸರಿಗೆ ಬಿಟ್ಟು, ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ ಓದಬೇಕು. ಆ ದುಡ್ಡಲ್ಲಿ ಮೊದಲು ಆಗಬೇಕಾದ್ದು ಬಣ್ಣ ಅಲ್ಲ. ಮೇ ತಿಂಗಳೊಳಗೆ ಹೆಂಚು ಕೈಯಾಡಿಸಬೇಕು, ಎರಡು ಮಾಡು ಕೂಡುವ ಮೂಲೆಯ ದೋಣಿಯಲ್ಲಿ ಕಟ್ಟಿದ ಎಲೆ ತೆಗೆಸಬೇಕು. ನೀರು ಮೊದಲು ಇಳಿಯುವುದು ಅಲ್ಲಿಂದ, ಗೆದ್ದಲು ಹತ್ತುವುದು ಅದೇ ಒದ್ದೆಯ ಜಾಡಿನಲ್ಲಿ.