ತೀರ್ಥ ಬಿದ್ದ ಕ್ಷಿಪಣಿ

ಮೊನ್ನೆ ವಾಟ್ಸಾಪ್‌ನಲ್ಲಿ ಮತ್ತೆ ಅದೇ ಫೋಟೊ ಬಂತು. ಉದ್ದ ಗಡ್ಡದ ರಷ್ಯನ್ ಪಾದ್ರಿ, ಕೈಯಲ್ಲಿ ಕುಂಚ, ಎದುರಿಗೆ ಕ್ಷಿಪಣಿ, ಮಧ್ಯೆ ಗಾಳಿಯಲ್ಲಿ ತೀರ್ಥದ ಹನಿ. ಕಳಿಸಿದವರು ಕೆಳಗೆ ನಗುವ ಮುಖ ಹಾಕಿದ್ದರು. ನಾನೂ ನಕ್ಕೆ. ಆಮೇಲೆ ಹೊರಗೆ ನಿಂತಿದ್ದ ನನ್ನ ಸ್ಕೂಟರ್ ಕಡೆ ಕಣ್ಣು ಹೋಯಿತು. ಆಯುಧಪೂಜೆಯ ಕುಂಕುಮ ಇನ್ನೂ ಮಡ್‌ಗಾರ್ಡ್ ಬಿಟ್ಟಿಲ್ಲ. ನಗು ಸ್ವಲ್ಪ ಇಳಿಯಿತು.

ನಾವೇನು ಕಡಿಮೆಯಾ? 2019ರ ವಿಜಯದಶಮಿಗೆ ರಾಜನಾಥ್ ಸಿಂಗ್ ಫ್ರಾನ್ಸಿಗೇ ಹೋಗಿ ರಫೇಲ್ ಮೇಲೆ ಓಂ ಬರೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಬಂದರಲ್ಲ. ವಿಮಾನದ ಬೆಲೆಯ ವಿವರ ಕೇಳಿದರೆ ದೇಶದ ಗುಟ್ಟು ಅಂದರು. ನಿಂಬೆಹಣ್ಣಿನ ರೇಟಾದರೂ ಜನರಿಗೆ ಗೊತ್ತಿತ್ತು, ಅಷ್ಟೇ ಸಮಾಧಾನ.

ಆದರೆ ರಷ್ಯಾದ ದೇವರ ಮುಂದೆ ನಮ್ಮ ನಿಂಬೆಹಣ್ಣು ಏನೂ ಅಲ್ಲ. ಮಾಸ್ಕೋ ಹತ್ತಿರ 2020ರಲ್ಲಿ ಸೇನೆಗೆಂದೇ ಒಂದು ದೊಡ್ಡ ಚರ್ಚು ಕಟ್ಟಿದರು. ಮಹಾಯುದ್ಧ ಮುಗಿದದ್ದು 1945ರಲ್ಲಿ, ಆದ್ದರಿಂದ ದೊಡ್ಡ ಗುಮ್ಮಟದ ಅಳತೆ 19.45 ಮೀಟರ್. ನಮ್ಮ ಕಡೆ ಮನೆಯ ಆಯ ನೋಡುವವರೂ ಇಷ್ಟು ಕಟ್ಟುನಿಟ್ಟಿಲ್ಲ. ಮೆಟ್ಟಿಲಿಗೆ ಜರ್ಮನ್ನರ ಹಳೇ ಆಯುಧ ಕರಗಿಸಿ ಹಾಕಿದ್ದಾರೆ. ಗೋಡೆಯ ಮೊಸಾಯಿಕ್‌ನಲ್ಲಿ ಸಂತರ ಜೊತೆ ಪುಟಿನ್ ಅವರನ್ನೂ ಕೂರಿಸುವವರಿದ್ದರು. ಸುದ್ದಿ ಹೊರಗೆ ಬಂದು ಗಲಾಟೆಯಾಯಿತು. ಇಷ್ಟು ಬೇಗ ಬೇಡ ಎಂದು ಪುಟಿನ್ ಅವರೇ ಅಂದರಂತೆ. ಬೇಡ ಅಂತ ಅಲ್ಲ, ಇಷ್ಟು ಬೇಗ ಬೇಡ ಅಂತ. ವಿನಯ ಅಂದರೆ ಇದು.

ಇನ್ನು ಅಣ್ವಸ್ತ್ರ ಕಾಯುವ ಸಂತ ಬೇರೆ ಇದ್ದಾನೆ. ಸರೋವ್‌ನ ಸೆರಾಫಿಮ್. ನನಗೆ ಈ ಪುಣ್ಯಾತ್ಮನ ಮೇಲೆ ನಿಜವಾಗಿ ಕನಿಕರ ಇದೆ. ಕಾಡಿನಲ್ಲಿ ಒಂಟಿಯಾಗಿದ್ದು, ಕರಡಿಗೆ ರೊಟ್ಟಿ ತಿನ್ನಿಸುತ್ತಿದ್ದ ಎಂದು ಕತೆ ಇರುವ ಸಾಧು. ಕಳ್ಳರು ಬಡಿದು ಬೆನ್ನು ಮುರಿದರೂ ಅವರಿಗೆ ಶಿಕ್ಷೆ ಬೇಡ ಎಂದನಂತೆ. 1833ರಲ್ಲಿ ತೀರಿಕೊಂಡ. ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಅವನ ಮಠವಿದ್ದ ಊರನ್ನೇ ಸೋವಿಯತ್ ಸರ್ಕಾರ ಮುಚ್ಚಿ, ನಕ್ಷೆಯಿಂದ ಅಳಿಸಿ, ಅಲ್ಲಿ ಅಣುಬಾಂಬ್ ಮಾಡಿತು. ಸೋವಿಯತ್ ಹೋಯಿತು, ಬಾಂಬು ಉಳಿಯಿತು, ಅದನ್ನು ಕಾಯಲು ದೇವರ ಕಡೆಯವರೊಬ್ಬರು ಬೇಕಾಯಿತು. ಸ್ಥಳೀಯರಿಗೇ ಉದ್ಯೋಗ ಅನ್ನುವ ನಿಯಮ ಇರಬೇಕು, ಕೆಲಸ ಇವನಿಗೇ ಬಂತು. ಅರ್ಜಿ ಹಾಕಿರಲಿಲ್ಲ ಪಾಪ.

ಸಾಮೂಹಿಕ ನಾಶದ ಅಸ್ತ್ರಗಳಿಗಾದರೂ ತೀರ್ಥ ಹಾಕುವುದು ಬಿಡೋಣ ಎಂದು 2020ರಲ್ಲಿ ಚರ್ಚಿನೊಳಗೇ ಒಂದು ಕರಡು ಬಂದಿತ್ತು. ಅಂದರೆ ಬಂದೂಕಿಗೆ ಇರಲಿ, ಅಣುಬಾಂಬಿಗೆ ಬೇಡ. ಅದಕ್ಕೂ ಒಳಗಿನವರೇ ಮುನಿಸಿಕೊಂಡರು.

ಈ ಎಲ್ಲದರ ಮೇಲೆ ದೊಡ್ಡ ಸ್ವಾಮಿಗಳು, ರಷ್ಯಾದ ಚರ್ಚಿನ ಮುಖ್ಯಸ್ಥ ಪೇಟ್ರಿಯಾರ್ಕ್ ಕಿರಿಲ್. ಇವರ ವಾಚಿನ ಪವಾಡ ನಿಮಗೆ ನೆನಪಿರಬಹುದು. ಸುಮಾರು 30,000 ಡಾಲರಿನ ವಾಚು ಇವರ ಕೈಯಲ್ಲಿ ಕಂಡಿತು. ನಾನು ಅದನ್ನು ಕಟ್ಟೇ ಇಲ್ಲ, ಫೋಟೊಶಾಪ್ ಅಂದರು. 2012ರಲ್ಲಿ ಅವರದೇ ವೆಬ್‌ಸೈಟಿನ ಒಂದು ಫೋಟೊದಲ್ಲಿ ಕೈ ಬರಿದಾಗಿತ್ತು, ಆದರೆ ಹೊಳೆಯುವ ಮೇಜಿನ ಮೇಲೆ ವಾಚಿನ ಪ್ರತಿಬಿಂಬ ಹಾಗೇ ಉಳಿದಿತ್ತು. ಫೋಟೊಶಾಪ್ ಆಗಿದ್ದು ನಿಜವೇ, ದಿಕ್ಕು ಮಾತ್ರ ಉಲ್ಟಾ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಶುರು ಮಾಡಿದ ಮೇಲೆ ಪೋಪ್ ಫ್ರಾನ್ಸಿಸ್ ಜೊತೆ ಇವರು ವಿಡಿಯೊ ಕಾಲ್‌ನಲ್ಲಿ ಮಾತಾಡಿದರು. ಮೊದಲ 20 ನಿಮಿಷ ಕಾಗದ ಹಿಡಿದು ಯುದ್ಧ ಯಾಕೆ ಸರಿ ಎಂದು ಓದಿದರಂತೆ. ಆಮೇಲೆ ಪೋಪ್ ಒಂದು ಸಂದರ್ಶನದಲ್ಲಿ, ಇವರು ಪುಟಿನ್ ಪೂಜೆಗೆ ಧೂಪ ಹಿಡಿಯುವ ಹುಡುಗ ಆಗಬಾರದು ಅನ್ನುವ ಅರ್ಥದಲ್ಲಿ ಹೇಳಿದರು. ಐರೋಪ್ಯ ಒಕ್ಕೂಟ ಇವರ ಮೇಲೆ ನಿರ್ಬಂಧ ಹಾಕಲು ಹೊರಟಾಗ ಹಂಗೇರಿಯ ಆಗಿನ ಪ್ರಧಾನಿ ಓರ್ಬಾನ್ ಅಡ್ಡ ನಿಂತು ಬಿಡಿಸಿದರು. ಕಾರಣ, ಧಾರ್ಮಿಕ ಸ್ವಾತಂತ್ರ್ಯ.

2022ರ ಸೆಪ್ಟೆಂಬರಿನಲ್ಲಿ ಪುಟಿನ್ ಮೂರು ಲಕ್ಷ ಜನರನ್ನು ಸೇನೆಗೆ ಎಳೆದುಕೊಂಡರು. ಅದೇ ವಾರ ಸ್ವಾಮಿಗಳು, ಕರ್ತವ್ಯದಲ್ಲಿ ಸತ್ತರೆ ಎಲ್ಲ ಪಾಪವೂ ತೊಳೆದು ಹೋಗುತ್ತದೆ ಎಂದು ಪ್ರವಚನ ಕೊಟ್ಟರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತೀವಿ. ಇಲ್ಲಿ ದೇವರನ್ನು ಕೇಳುವ ಮೊದಲೇ ಪೂಜಾರಿ ಹಂಚಿಬಿಟ್ಟರು. ಸರಿ, ಕೊಲ್ಲಲು ಹೋದವನ ಪಾಪ ತೊಳೆಯಿತು. ಯುದ್ಧ ಶುರುವಾಗಿ ವಾರ ಕಳೆಯುವ ಮೊದಲೇ ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಕರ್ನಾಟಕದ ಹುಡುಗ ಸತ್ತನಲ್ಲ, ಡಾಕ್ಟರ್ ಓದಲು ಹೋದವನು, ತಿನ್ನಲು ಏನಾದರೂ ತರೋಣ ಎಂದು ಹೊರಗೆ ಬಂದವನು? ಅವನು ಯಾವ ಪಾಪ ಮಾಡಿದ್ದ? ಇಂಥ ಸ್ವಾಮಿಗಳ ಬಗ್ಗೆ ತಮಾಷೆ ಬರೆಯೋಣ ಅಂತ ಕೂತರೆ ಕೈ ಓಡುವುದಿಲ್ಲ.

ಬಿಡಿ. ಹಬ್ಬಕ್ಕೆ ರಜೆಯೂ ಉಂಟು. ರಷ್ಯಾದ ಚರ್ಚಿಗೆ ಕ್ರಿಸ್‌ಮಸ್ ಜನವರಿ 7ಕ್ಕೆ. 2023ರ ಆ ಹಬ್ಬಕ್ಕೆ ಕಿರಿಲ್ ಕೇಳಿದರು, ಪುಟಿನ್ 36 ಗಂಟೆ ಕದನವಿರಾಮ ಕೊಟ್ಟರು. 2025ರ ಈಸ್ಟರ್‌ಗೆ 30 ಗಂಟೆ. ರಜೆಯಲ್ಲಿ ಆರು ಗಂಟೆ ಕಡಿತ. ಎರಡು ಸಲವೂ ಶೆಲ್‌ಗಳಿಗೆ ಸುತ್ತೋಲೆ ತಲುಪಲಿಲ್ಲ. ಆ ಕಡೆ ಉಕ್ರೇನ್, ನಿಮ್ಮ ಜೊತೆ ಜನವರಿ 7ಕ್ಕೆ ಹಬ್ಬ ಮಾಡುವುದಿಲ್ಲ ಹೋಗಿ ಎಂದು ಕಾನೂನು ಮಾಡಿ ಕ್ರಿಸ್‌ಮಸ್ಸನ್ನೇ ಡಿಸೆಂಬರ್ 25ಕ್ಕೆ ಎತ್ತಿಟ್ಟಿತು. ಜಗಳ ಮನುಷ್ಯರದು, ಬರ್ತ್‌ಡೇ ಬದಲಾದದ್ದು ಯೇಸುವಿನದು.

2023ರ ಜುಲೈನಲ್ಲಿ ಉಕ್ರೇನಿನ ಒಡೆಸಾದ ದೊಡ್ಡ ಕೆಥೆಡ್ರಲ್ ಮೇಲೆ ಕ್ಷಿಪಣಿ ಬಿತ್ತು. ಸೋವಿಯತ್ತರು 1936ರಲ್ಲಿ ಕೆಡವಿದ್ದನ್ನು ಜನ ಮತ್ತೆ ಕಟ್ಟಿಕೊಂಡಿದ್ದರು. 2010ರಲ್ಲಿ ಅದಕ್ಕೆ ತೀರ್ಥ ಹಾಕಿ ಪ್ರತಿಷ್ಠೆ ಮಾಡಿದ್ದು ಯಾರು ಗೊತ್ತಾ? ಇದೇ ಕಿರಿಲ್ ಸ್ವಾಮಿಗಳು. ರಷ್ಯಾ ಎಂದಿನಂತೆ ನಮ್ಮದಲ್ಲ, ಉಕ್ರೇನಿನದೇ ಬಿದ್ದಿರಬೇಕು ಅಂದಿತು. ಬೆಳಗಾಗುತ್ತಿದ್ದಂತೆ ಸುತ್ತಲಿನ ಜನ ಬಂದು ಗಾಜು ಗುಡಿಸಿ, ಒಳಗಿದ್ದ ದೇವರ ಪಟಗಳನ್ನು ಒಂದೊಂದಾಗಿ ಹೊರಗೆ ಹೊತ್ತು ತಂದರು.